ನೌಕರರು ಹತ್ತಬಾರದ ಲಿಫ್ಟ್

ಅಪ್ಪ ಊರಿಗೆ ಹೋದಾಗಲೆಲ್ಲ, ‘ನಾನು ಕೇಂದ್ರ ಸರ್ಕಾರದ ನೌಕರ’ ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ದೆಹಲಿಯಲ್ಲೇ ಬೆಳೆದ ನಾನೂ ಸರ್ಕಾರಿ ನೌಕರಿಯನ್ನೇ ಹಿಡಿದೆ. ಕನ್ನಡದಲ್ಲಿ ಆ ಪದಕ್ಕಿರುವ ಮರ್ಯಾದೆ ಹಿಂದಿಯಲ್ಲಿಲ್ಲ, ಇಲ್ಲಿ ‘ನೌಕರ್’ ಎಂದರೆ ಮನೆಯಾಳು ಎಂದು ಗೊತ್ತಿತ್ತು. ಆದರೆ ಅದು ಚುಚ್ಚಿದ್ದು ಗ್ರೇಟರ್ ನೋಯ್ಡಾದ ಅಪಾರ್ಟ್‌ಮೆಂಟಿಗೆ ಬಂದ ಮೇಲೆ.

ಹೋದ ಚಳಿಗಾಲದ ಒಂದು ಬೆಳಿಗ್ಗೆ, ನಮ್ಮ ಮನೆಗೆಲಸಕ್ಕೆ ಬರುವ, ನಾನು ಚಿಕ್ಕಮ್ಮ ಎಂಬಂತೆ ‘ಮೌಸಿ’ ಎಂದು ಕರೆಯುವ ಹೆಂಗಸು ಹನ್ನೊಂದನೇ ಮಹಡಿಯ ನಮ್ಮ ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದರು. ಅವರ ಮಂಡಿ ಊದಿಕೊಂಡಿತ್ತು.

“ಹಿಂದಿನ ಲಿಫ್ಟ್ ಕೆಟ್ಟಿದೆ ದೀದಿ. ಮುಂದಿನದಕ್ಕೆ ಗಾರ್ಡ್ ಬಿಡಲಿಲ್ಲ.”

ಕೆಳಗಿಳಿದು ನೋಡಿದರೆ ಮುಂದಿನ ಲಿಫ್ಟಿನ ಪಕ್ಕ ಹೊಸ ನೋಟಿಸು: ನೌಕರರಿಗೆ ಪ್ರವೇಶವಿಲ್ಲ. ನೇರವಾಗಿ ನಿವಾಸಿಗಳ ಸಂಘದ ಸೆಕ್ರೆಟರಿಯ ಬಳಿ ಹೋದೆ.

“ರೂಲ್ ಅಂದ್ರೆ ರೂಲ್ ಮೇಡಂ. ನೌಕರ್ ಲೋಗ್‌ಗೆ ಹಿಂದಿನ ಲಿಫ್ಟ್ ಇದೆ,” ಎಂದರು.

“ಹಾಗಾದರೆ ನಾನೂ ಮೆಟ್ಟಿಲು ಹತ್ತಬೇಕು. ನಾನೂ ಸರ್ಕಾರದ ನೌಕರ್.”

ಅವರು ನಕ್ಕರು. “ಅರೆ ಮೇಡಂ, ನಿಮ್ಮದು ನೌಕರಿ. ಅವಳು ನೌಕರ್.”

ಆಫೀಸಿಗೆ ಹೋಗುವಾಗ ಮೆಟ್ರೋದಲ್ಲಿ ಕೂತು ಸಿಟ್ಟಿನಲ್ಲೇ ಆ ಪದದ ಮೂಲ ಹುಡುಕಿದೆ. ಮಂಗೋಲರ ಮಾತಿನಲ್ಲಿ ಅದಕ್ಕೆ ಸಂಗಾತಿ, ನಾಯಕನ ಜೊತೆಗಾರ ಎಂಬ ಅರ್ಥವಂತೆ. ಪಾರಸಿಯ ಮೂಲಕ ನಮ್ಮಲ್ಲಿಗೆ ಬಂತಂತೆ. ಸಂಗಾತಿಯನ್ನು ಆಳು ಮಾಡಿ ಹಿಂಬಾಗಿಲಿಗೆ ಅಟ್ಟಲು ಎಷ್ಟು ತಲೆಮಾರುಗಳು ಬೇಕಾದವೋ. ಇದನ್ನೆಲ್ಲ ಬರೆದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಹಾಕಿದೆ.

ಮರುದಿನ ಸಂಘದವರು ಮೌಸಿಯ ಗೇಟ್ ಪಾಸ್ ನಿಲ್ಲಿಸಿದರು.

“ಜಗಳ ಆಡಿದ್ದು ನೀವು ದೀದಿ,” ಎಂದು ಫೋನಿನಲ್ಲಿ ಹೇಳಿದರು. “ನಾಲ್ಕು ಮನೆ ಕೆಲಸ ನಿಂತಿದ್ದು ನನ್ನದು.”

ಅವರನ್ನು ಒಂದು ಮಾತೂ ಕೇಳದೆ ಅವರ ಪರವಾಗಿ ಶೂರಳಾಗಿದ್ದೆ. ಆ ಸಿಟ್ಟು ನನ್ನ ಮೇಲೆಯೇ ತಿರುಗಿತು. ರಜೆ ಹಾಕಿ, ಉಳಿದ ಮೂರು ಮನೆಗಳ ಹೆಂಗಸರನ್ನು ಕರೆದುಕೊಂಡು ಹೋಗಿ ಗೇಟಿನಲ್ಲಿ ನಿಂತೆ. ಮಧ್ಯಾಹ್ನದ ಹೊತ್ತಿಗೆ ಪಾಸ್ ಮರಳಿ ಬಂತು.

ವಾರದ ನಂತರ ನೋಟಿಸೂ ಬದಲಾಯಿತು. ‘ನೌಕರ್’ ಹೋಗಿ ‘ಸ್ಟಾಫ್’ ಬಂದಿತ್ತು. ಉಳಿದದ್ದೆಲ್ಲ ಹಾಗೇ.

“ಅಬ್ ಖುಷ್, ಮೇಡಂ? ಪದ ತೆಗೆದೆವಲ್ಲ,” ಎಂದರು ಸೆಕ್ರೆಟರಿ.

ಅವರೆದುರೇ ಅದನ್ನು ಹರಿದುಹಾಕಿದೆ. ಸಂಜೆಯೊಳಗೆ ಇನ್ನೊಂದು ಅಂಟಿಸಿದರು.

ಹಿಂದಿನ ಲಿಫ್ಟ್ ಈಗಲೂ ಆಗಾಗ ಕೆಡುತ್ತದೆ. ಅಂಥ ದಿನ ಏಳು ಗಂಟೆಗೆ ನಾನೇ ಕೆಳಗಿಳಿದು ಮೌಸಿಯನ್ನು ಮುಂದಿನ ಲಿಫ್ಟಿನಲ್ಲಿ ಕರೆತರುತ್ತೇನೆ. ಗಾರ್ಡ್ ಮುಖ ತಿರುಗಿಸಿಕೊಳ್ಳುತ್ತಾನೆ. ನಾನು ಊರಲ್ಲಿಲ್ಲದಾಗ ಆ ಲಿಫ್ಟ್ ಕೆಟ್ಟರೆ ಉಳಿದ ಮನೆಗಳಿಗೆ ಹೇಗೆ ಹೋಗುತ್ತೀರಿ ಎಂದು ಮೊನ್ನೆ ಕೇಳಿದೆ.

“ಮೆಟ್ಟಿಲಿದೆಯಲ್ಲ,” ಎಂದು ಪಾತ್ರೆ ತೊಳೆಯತೊಡಗಿದರು.