ಗೇಟಿಗೆ ಒತ್ತಿದ ಕಾಲು

ಅಕ್ಕೋರ ಬಲಗಾಲ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಹುಟ್ಟಿನಿಂದ ಬಂದದ್ದಲ್ಲ, ಕಬ್ಬಿಣದ ಗೇಟು ಕೊಟ್ಟದ್ದು. ಗಡಿಯೂರು ಜಹೀರಾಬಾದಿನ ನಮ್ಮ ಹುಡುಗಿಯರ ಹಾಸ್ಟೆಲ್ಲಿಗೆ ಯಾರೇ ಬರಲಿ, ಅವರು ಗೇಟನ್ನು ಒಂದು ಗೇಣಿನಷ್ಟೇ ತೆರೆದು, ಅದರ ಕೆಳಪಟ್ಟಿಗೆ ಒಳಗಿನಿಂದ ಬಲಗಾಲು ಒತ್ತಿ ನಿಂತು ಮಾತಾಡುತ್ತಿದ್ದರು. ಹೊರಗಿನವರು ದೂಡಿದರೆ ಮೊದಲ ಪೆಟ್ಟು ಆ ಬೆರಳಿಗೆ. ಬಲಗಾಲಿನ ಚಪ್ಪಲಿ ಆರು ತಿಂಗಳಿಗೇ ಮೂತಿ ಸವೆದು ಕಿತ್ತುಹೋಗುತ್ತಿತ್ತು. ಜೋಡಿ ಕಳೆದುಕೊಂಡ ಎಡಗಾಲಿನ ಚಪ್ಪಲಿಗಳು, ಎಲ್ಲವೂ ಹೊಸದರಂತೆಯೇ ಇದ್ದಂಥವು, ಅವರ ಕೋಣೆಯ ಮೂಲೆಯಲ್ಲಿ ರಾಶಿ ಬಿದ್ದಿರುತ್ತಿದ್ದವು.

ಅವರು ಹಾಸ್ಟೆಲ್ಲಿನ ವಾರ್ಡನ್. ನಮಗೆ ಅಕ್ಕೋರು. ನ್ಯಾಲ್ಕಲ್ ಕಡೆಯ ಹಳ್ಳಿಯವರು. ನಾನು ಎಂಟನೇ ಇಯತ್ತೆಗೆ ನಾರಾಯಣಖೇಡದ ಹತ್ತಿರದ ನಮ್ಮೂರಿನಿಂದ ಅಲ್ಲಿಗೆ ಬಂದು ಸೇರಿದೆ. ಗೇಟಿಗೆ ಬಂದವರು ತೆಲುಗಿನವರಾದರೆ ತೆಲುಗು, ಉರ್ದುವಿನವರಾದರೆ ಉರ್ದು, ನಮ್ಮಂಥವರಾದರೆ ಕನ್ನಡ. ಯಾವ ಮಾತಿನಲ್ಲಾದರೂ, ಬಂದವರು ಮನೆಯವರೇ ಎಂದು ತಿಳಿಯಲು ಅಕ್ಕೋರ ಪ್ರಶ್ನೆ ಒಂದೇ.

"ಮನ್ಯಾಗ ಈಕಿಗಿ ಏನಂತ ಕರೀತೀರಿ?"

ದೀಪಾವಳಿ ರಜೆಗೆ ನನ್ನನ್ನು ಕರೆದೊಯ್ಯಲು ಅಪ್ಪ ಬಂದಿದ್ದರು. ಮೊದಲೇ ಸಂಕೋಚದ ಮನುಷ್ಯ. ಒಳಗೆ ನೂರು ಹುಡುಗಿಯರು ನೋಡುತ್ತಿದ್ದಾರೆ. ಟೋಪಿ ತೆಗೆದು ಕೈಯಲ್ಲಿ ಹಿಡಿದು ನೆಲ ನೋಡತೊಡಗಿದರು.

"ಹೇಳ್ರಿ ಮತ್ತ. ಬಸ್ಸು ಹೋಗ್ತದ."

"ಅದು... ಕೋಳಿ ಅಂತೀವಿ ರೀ."

"ಜೋರ ಹೇಳ್ರಿ."

"ಕೋಳಿ ರೀ! ಒಂದ ಕಡಿ ನಿಂದ್ರಂಗಿಲ್ಲ, ಅದಕ."

ಗೇಟು ತೆರೆಯಿತು. ಹತ್ತನೆಯದು ಮುಗಿಯುವವರೆಗೂ ಹಾಸ್ಟೆಲ್ಲಿಗೆಲ್ಲ ನಾನು ಕೋಳಿಯೇ ಆಗಿಬಿಟ್ಟೆ.

ಅಕ್ಕೋರಿಗೆ ಎಲ್ಲದಕ್ಕೂ ಭಯ. ಹೊಸ ಹಾಲಿನವನೆಂದರೆ ಭಯ, ಕಾಗದವೆಂದರೆ ಭಯ, ಸಹಿಯೆಂದರೆ ಭಯ. ನಾವು ನಗುತ್ತಿದ್ದೆವು. ಅವರ ಮಂಚದ ಕೆಳಗೆ ಒಂದು ನೀಲಿ ಟ್ರಂಕಿತ್ತು. ಅದರ ಮೇಲೆ ಬಿಳಿ ಬಣ್ಣದಲ್ಲಿ ಯಾರೋ ಹುಡುಗಿಯ ಹೆಸರು, ತರಗತಿ. ಯಾರದೆಂದು ಕೇಳಿದರೆ ಅಂದು ಅಕ್ಕೋರ ಊಟವೇ ನಿಲ್ಲುತ್ತಿತ್ತು. ಹಾಗಾಗಿ ನಾವು ಕೇಳುವುದನ್ನು ಬಿಟ್ಟೆವು.

ಹನ್ನೆರಡು ವರ್ಷದ ಮೇಲೆ ಅದೇ ಹಾಸ್ಟೆಲ್ಲಿನ ಕೆಲಸ ನನ್ನ ಮೇಜಿಗೆ ಬಂತು. ಜಹೀರಾಬಾದಿನಲ್ಲೇ, ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯ ಮೇಲಿನ ಎರಡು ಕೋಣೆಯ ಆಫೀಸಿನಲ್ಲಿ ನಾವು ನಾಲ್ವರು ಶಾಲೆ, ಹಾಸ್ಟೆಲುಗಳಿಗೆ ಆ್ಯಪ್ ಮಾಡಿಕೊಡುತ್ತೇವೆ. ಆಡಳಿತದವರಿಗೆ ಗೇಟ್ ಪಾಸಿನ ಆ್ಯಪ್ ಬೇಕಾಗಿತ್ತು. ಹುಡುಗಿಯನ್ನು ಕರೆದೊಯ್ಯಲು ಯಾರಾದರೂ ಬಂದರೆ ಪಾಲಕರ ಫೋನಿಗೆ ಸಂದೇಶ ಹೋಗುತ್ತದೆ. ಅವರು ಒಪ್ಪಿದರೆ ವಾರ್ಡನ್ನರ ಫೋನಿನಲ್ಲಿ ಹಸಿರು ಬರುತ್ತದೆ, ಗೇಟು ತೆರೆಯಬಹುದು. ಇದರ ಜೀವವೆಲ್ಲ ಇರುವುದು ಒಂದೇ ಕಡೆ: ಯಾರು ಯಾರ ಖಾತೆಯಲ್ಲಿ ಏನು ತಿದ್ದಬಹುದು ಎಂಬಲ್ಲಿ. ಪಾಲಕರು ಒಪ್ಪಿಗೆ ಕೊಡಬಹುದು. ಸಂಬಂಧಿಕರು ಅಂಕ, ಹಾಜರಿ ನೋಡಬಹುದು, ಅಷ್ಟೇ. ಪಾಲಕರ ಫೋನ್ ನಂಬರು ಬದಲಿಸುವ ಅಧಿಕಾರ ವಾರ್ಡನ್ ಒಬ್ಬರಿಗೇ. ಅದನ್ನು ಬರೆದವಳು ನಾನು, ಪರೀಕ್ಷೆ ಮಾಡಬೇಕಾದವಳೂ ನಾನೇ.

ಹಾಸ್ಟೆಲ್ ಕಡೆಯಿಂದ ನೋಡಲು ಒಬ್ಬರನ್ನು ಕಳಿಸಿ ಎಂದೆ. ಅಕ್ಕೋರೇ ಬಂದರು.

ಹುಡುಗಿಯರು ಶಾಲೆಗೆ ಹೋದ ಮೇಲೆ ಆಟೋ ಹಿಡಿದು ಬರುತ್ತಿದ್ದರು. ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಡಬ್ಬಿ ಮೇಜಿನ ಮೇಲಿಟ್ಟು, ಕನ್ನಡಕ ಏರಿಸಿ, ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಹೇಳುತ್ತಿದ್ದರು:

"ಈಗ ನಾ ವಾರ್ಡನ್ ಅಲ್ಲ. ನಾ ಆ ಹುಡುಗಿ ಕಾಕಾ. ನನ್ನ ಕಿಸೇದಾಗ ಫೋನ್ ಅದ, ಹೊಟ್ಟ್ಯಾಗ ಪಾಪ ಅದ. ಹೇಳು, ಎಲ್ಲಿಂದ ಒಳಗ ಬರ್ಲಿ?"

ನಮ್ಮ ಆಫೀಸಿನ ಇನ್ನೊಬ್ಬ ಹುಡುಗಿ ನಕ್ಕು ನೀರು ನೆತ್ತಿಗೇರಿಸಿಕೊಂಡಳು. "ಅಕ್ಕೋರೆ, ಮೀಸಿ ಒಂದು ಹಚ್ಚಿಕೊಂಡು ಬರ್ರಿ ನಾಳಿಗಿ."

"ಮೀಸಿ ಇದ್ದೋರೇ ಬರ್ತಾರ ಅಂತ ತಿಳಕೊಂಡೀದಿ ಏನು? ಕಾಕೂನೂ ಬರ್ತಾಳ, ಸೀರಿ ಉಟಗೊಂಡು, ಪೇಢೆ ತಗೊಂಡು."

ನಾನು ಮಾಡಿದ್ದ ಪರೀಕ್ಷೆಯ ಪಟ್ಟಿಯನ್ನು ಬೆರಳಿಟ್ಟು ಓದಿದರು. ಪಾಲಕರು ಒಪ್ಪಿಗೆ ಕೊಡಲು ಆಗಬೇಕು. ವಾರ್ಡನ್ ನಂಬರು ತಿದ್ದಲು ಆಗಬೇಕು.

"ಬರೇ ಆಗಬೇಕು, ಆಗಬೇಕು ಅಂತ ಬರ್ದೀದಿ. ಆಗಬಾರದ್ದು ಎಲ್ಲಿ ಬರ್ದೀದಿ?"

ನಾನು ಪಟ್ಟಿಗೆ ಇನ್ನೊಂದು ಕಾಲಂ ಎಳೆದೆ. ಅದನ್ನು ತುಂಬಿಸುತ್ತ ಹೋದವರು ಅವರು. ಸಂಬಂಧಿಕರು ನಂಬರು ತಿದ್ದಬಾರದು ಎಂಬ ಸಾಲು ಬಂದಾಗ ನಾನೆಂದೆ, "ಅದು ಮುಗದದ ರೀ ಅಕ್ಕೋರೆ. ಮೊದಲ್ನೇ ಆ್ಯಪಿನ್ಯಾಗ ಆ ಬಟನ್ ಎಲ್ಲಾರಿಗೂ ಕಾಣ್ತಿತ್ತು. ಈಗ ತಗದೀನಿ."

"ಬಟನ್ ತಗದ್ರ ಬಾಗಲಾ ಮುಚ್ಚಿದಂಗ ಆತೇನು?"

"ಬಟನ್ನೇ ಇಲ್ಲಂದ್ರ ಒತ್ತೋದು ಏನನ್ನ ರೀ?"

ಅವರು ನನ್ನ ಮುಖವನ್ನೇ ನೋಡಿದರು. "ನನಗ್ಯಾಕೋ ಅಂಜಿಕಿ ಆಗ್ತದವ್ವ."

"ನಿಮಗ ಯಾವಾಗ ಆಗಿಲ್ಲ ಹೇಳ್ರಿ?" ಎಂದು ನಕ್ಕು, ಆ ಸಾಲಿನ ಮುಂದೆ ಸರಿ ಗುರುತು ಹಾಕಿದೆ.

ಬಟನ್ನು ಕಾಣದಂತೆ ಮಾಡಿದ್ದು ಹೊಸ ಆ್ಯಪಿನಲ್ಲಿ ಮಾತ್ರ. ಪ್ರಯೋಗಕ್ಕೆಂದು ಕೆಲವು ಮನೆಯವರಿಗೆ ಮೊದಲೇ ಕೊಟ್ಟಿದ್ದ ಹಳೆಯದು ಯಾರ ಫೋನಿನಲ್ಲಿ ಉಳಿದಿದೆಯೋ ಅಲ್ಲಿ ಅದು ಹಾಗೇ ಇತ್ತು. ಅಲ್ಲಿಂದ ಬಂದ ಕೋರಿಕೆಯನ್ನು ನಮ್ಮ ಸರ್ವರ್ ನೀನು ಯಾರು ಎಂದು ಕೇಳುತ್ತಿತ್ತೇ ಹೊರತು, ಇದನ್ನು ತಿದ್ದಲು ನಿನಗೇನು ಅಧಿಕಾರ ಎಂದು ಕೇಳುತ್ತಿರಲಿಲ್ಲ. ಐದು ನಿಮಿಷ ಕೂತು ನೋಡಿದ್ದರೆ ಗೊತ್ತಾಗುತ್ತಿತ್ತು. ನಾನು ಕೂರಲಿಲ್ಲ.

ಆ್ಯಪ್ ಶುರುವಾಗಿ ಮೂರು ವಾರವಾಗಿತ್ತು. ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆ. ಅಕ್ಕೋರ ಫೋನು.

"ಕೋಳೀ, ಹಸಿರು ಬಂದದ. ಆದ್ರ ನನಗ ಕೈಕಾಲು ತಣ್ಣಗ ಆಗಾಕತ್ತಾವ. ಇದ್ದಂಗ ಎದ್ದು ಬಾ."

ಹೋಗಿ ನೋಡಿದರೆ ಗೇಟಿನ ಹೊರಗೆ ಒಂದು ಜೀಪು. ಬಿಳಿ ಅಂಗಿಯ ಒಬ್ಬ ಗಂಡಸು, ಇಬ್ಬರು ಹೆಂಗಸರು, ಒಬ್ಬಳ ಕೈಯಲ್ಲಿ ಹೊಸ ಸೀರೆಯ ಪೊಟ್ಟಣ. ಹತ್ತನೇ ತರಗತಿಯ ಹುಡುಗಿಯನ್ನು ಕರೆದೊಯ್ಯಲು ಬಂದಿದ್ದರು. ತಾಂಡೂರಿನ ಹತ್ತಿರ ಯಾಲಾಲ್ ಕಡೆಯ ಹುಡುಗಿ, ತಂದೆ ಇಲ್ಲ. ಬಂದವನು ಅವಳ ಕಾಕಾ, ತಂದೆಯ ಸ್ವಂತ ತಮ್ಮ. ಮನೆಯಲ್ಲಿ ಅವಳ ಮದುವೆಯ ಮಾತು ಎದ್ದಿದೆ, ನನ್ನ ಹೊರತು ಯಾರ ಜೊತೆಗೂ ಕಳಿಸಬೇಡಿ ಎಂದು ತಾಯಿ ಜೂನ್‌ನಲ್ಲೇ ಅಕ್ಕೋರ ಕೈ ಹಿಡಿದು ಹೇಳಿ ಹೋಗಿದ್ದಳು.

"ನಿಮ್ಮ ಫೋನೇ ಹೂಂ ಅಂದದ. ನೀ ಯಾರು ಇಲ್ಲಂಬಾಕಿ?" ಕಾಕಾ ಗೇಟು ಹಿಡಿದು ಕೂಗುತ್ತಿದ್ದ. "ಅವರವ್ವಗ ಆರಾಮ ಇಲ್ಲ. ಕಳಸು ಜಲ್ದಿ."

"ಮನ್ಯಾಗ ಆಕಿಗಿ ಏನಂತ ಕರೀತೀರಿ?"

"ಚಿಮಣಿ," ಎಂದ ಅವನು, ತಡವಿಲ್ಲದೆ.

ಸರಿಯಾದ ಉತ್ತರವೇ. ಕಾಕಾನಿಗೆ ಗೊತ್ತಿರದೆ ಇರುತ್ತದೆಯೇ? ನನ್ನ ಹಸಿರೂ ಅವನ ಕಡೆ, ಅವರ ಪ್ರಶ್ನೆಯೂ ಅವನ ಕಡೆ.

ನಾನು ಹಿತ್ತಲ ಬಾಗಿಲು ತೆಗೆಸಿಕೊಂಡು ಒಳಗೆ ಹೋಗಿ, ಪಡಸಾಲೆಯ ಕಟ್ಟೆಯ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದೆ. ಹುಡುಗಿಯ ಖಾತೆ. ಪಾಲಕರ ನಂಬರು ಅಂದು ಬೆಳಿಗ್ಗೆ ಬದಲಾಗಿತ್ತು. ಬದಲಿಸಿದ್ದು: ಸಂಬಂಧಿಕರ ಖಾತೆ. ಅವನೇ. ಹಳೆಯ ಆ್ಯಪಿನಿಂದ. ಒಪ್ಪಿಗೆ ಕೇಳಿ ಸಂದೇಶ ಹೋದದ್ದು ಅವನ ಫೋನಿಗೇ, ಹೂಂ ಎಂದದ್ದೂ ಅವನೇ. ನಾನು ಹಾಕಿದ ಸರಿ ಗುರುತು ಕಣ್ಣ ಮುಂದೆ ಬಂತು.

"ಅಕ್ಕೋರೆ, ತಗೀಬ್ಯಾಡ್ರಿ!"

"ತಗದೀನಂತ ಯಾರು ಹೇಳ್ಯಾರ? ನನ್ನ ವಹಿ ತಗೋ, ದಿಂಬಿನ ಬುಡಕ ಅದ. ಅವರವ್ವನ ನಂಬರು ಪೆನ್ಸಿಲ್ಲಿನಿಂದ ಬರದೀನಿ."

ತಾಯಿ ತಾಂಡೂರಿನಲ್ಲಿ ಕಲ್ಲಿನ ಪಾಲಿಶ್ ಕೆಲಸಕ್ಕೆ ಹೋಗುವವಳು. ಮಷೀನಿನ ಸದ್ದಿನಲ್ಲಿ ಫೋನು ಹೇಗೆ ಕೇಳಬೇಕು? ಒಂದು ಸಲ ಪೂರ್ತಿ ರಿಂಗಾಗಿ ನಿಂತಿತು. ಇನ್ನೊಂದು ಸಲ. ಅಷ್ಟರಲ್ಲಿ ಕಾಕಾ ಭುಜ ಕೊಟ್ಟು ಗೇಟು ದೂಡಿದ. ಕಬ್ಬಿಣ ಅಕ್ಕೋರ ಬೆರಳಿಗೆ ತಾಗಿದ ಸದ್ದು ನನಗೆ ಕಟ್ಟೆಯವರೆಗೆ ಕೇಳಿಸಿತು. ಅವರು ಕಾಲು ತೆಗೆಯಲಿಲ್ಲ.

"ಒಳಗ ಬರಬೇಕಂದ್ರ ನನ್ನ ತುಳದ ಬಾ ತಮ್ಮ," ಎಂದರು. ದನಿ ನಡುಗುತ್ತಿತ್ತು. ಅಷ್ಟು ಭಯಪಟ್ಟವರು ಅಷ್ಟು ಗಟ್ಟಿಯಾಗಿ ನಿಂತದ್ದನ್ನು ನಾನು ಮತ್ತೆಲ್ಲೂ ನೋಡಿಲ್ಲ.

ನಾಲ್ಕನೇ ಸಲಕ್ಕೆ ತಾಯಿ ಎತ್ತಿದಳು. ಹೇಳಿದೆ. ಮಷೀನಿನ ಸದ್ದನ್ನೂ ಮೀರಿ ಕೂಗಿದಳು, "ನಾ ಆರಾಮ ಅದೀನ್ರೀ! ಕಳಸಬ್ಯಾಡ್ರಿ, ನಿಮ್ಮ ಕಾಲ ಬೀಳ್ತೀನಿ, ನಾ ಬರಾಕತ್ತೀನಿ!"

ಫೋನನ್ನು ಜೋರು ಮಾಡಿ ಗೇಟಿನತ್ತ ಹಿಡಿದೆ. ಅತ್ತಿಗೆಯ ದನಿ ಕೇಳಿದ್ದೇ ಕಾಕಾನ ಕೈ ಗೇಟಿನಿಂದ ಜಾರಿತು. ಬೈಯುತ್ತಲೇ ಜೀಪು ಹತ್ತಿದ. ಆದರೂ ಅಕ್ಕೋರು ಜಾಗ ಬಿಡಲಿಲ್ಲ. ಬಸ್ಸು ಬದಲಿಸಿ ಬದಲಿಸಿ ಆ ತಾಯಿ ಸಂಜೆ ಬಂದು ಮುಟ್ಟುವವರೆಗೆ, ರಕ್ತ ಒಣಗಿದ ಬೆರಳನ್ನು ಗೇಟಿಗೆ ಒತ್ತಿಕೊಂಡೇ ನಿಂತಿದ್ದರು.

ತಾಯಿಯೂ ಮಗಳೂ ಒಳಗೆ ಹೋದ ಮೇಲೆ ಕೇಳಿದೆ, "ಹಸಿರು ಬಂದಿತ್ತು, ಹೆಸರೂ ಹೇಳಿದ್ದ. ನಿಮಗ ಹ್ಯಾಂಗ ಗೊತ್ತಾತು ರೀ?"

"ಮನಿಗಿ ಕರಿಯಾಕ ಬಂದಾರ ಅಂದ್ರ ಹುಡುಗ್ಯಾರು ಮೊದಲ ಚಪ್ಪಲ್ ಹುಡುಕ್ತಾರ. ಈಕಿ ಕುಂತಲ್ಲೇ ಕುಂತಿದ್ದಳು."

ನನ್ನನ್ನು ಬೈಯುತ್ತಾರೆಂದು ಕಾದಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಅವರು ನನ್ನನ್ನು ಕೋಣೆಗೆ ಕರೆದೊಯ್ದು ಮಂಚದ ಕೆಳಗಿನ ನೀಲಿ ಟ್ರಂಕನ್ನು ಎಳೆದರು. ಒಳಗೆ ಒಂದು ಜೊತೆ ಯೂನಿಫಾರ್ಮು, ಒಂದು ಕಂಪಾಸ್ ಪೆಟ್ಟಿಗೆ, ರಿಬ್ಬನ್ನು.

"ನಾ ಕೆಲಸಕ್ಕ ಸೇರಿದ ಮೊದಲ್ನೇ ವರ್ಷ. ಒಂಬತ್ತನೇ ಇಯತ್ತೆ ಹುಡುಗಿ. ಯಾರೋ ಚೀಟಿ ತಂದ್ರು, ಅಪ್ಪನ ಸಹಿ ಇತ್ತು. ಸಹಿ ತಾಳೆ ಮಾಡಿ ನೋಡಿದೆ, ಖರೇನೇ ಇತ್ತು. ಬಾಗಲಾ ತಗದೆ. ಆಕಿ ಹೋಗುವಾಗ ಹೊಳ್ಳಿ ಹೊಳ್ಳಿ ನೋಡಿದಳು. ನಾ ಚೀಟಿ ಮಡಚಾಕತ್ತಿದ್ದೆ." ರಿಬ್ಬನ್ನನ್ನು ಸುತ್ತಿ ಮತ್ತೆ ಒಳಗಿಟ್ಟರು. "ಮದುವಿ ಮಾಡಿ ಎಲ್ಲಿಗಿ ಕಳಿಸಿದ್ರೋ. ಟ್ರಂಕಿಗೂ ಯಾರೂ ಬರಲಿಲ್ಲ. ನಾ ಸಹಿ ನೋಡಿದ್ದೆ, ನೀ ಬಟನ್ ನೋಡಿದಿ. ಅಳಬ್ಯಾಡ. ಅಂಜಿಕಿ ಬಂತಂದ್ರ ಹೊರಗ ಹಾಕಬ್ಯಾಡ ಇನ್ನ ಮ್ಯಾಲ. ಕುಂಡ್ರಿಸಿ ಕೇಳು, ಏನಂತದ ಅಂತ."

ಅಂದೇ ಆ್ಯಪ್ ನಿಲ್ಲಿಸಿದೆವು. ಮರುದಿನ ಬೆರಳಿಗೆ ಬಟ್ಟೆ ಸುತ್ತಿಕೊಂಡು ಅವರು ಆಫೀಸಿಗೆ ಬಂದರು. ಸರ್ವರಿನಲ್ಲೇ ತಡೆ ಬರೆದೆ. ಹಳೆಯ ಆ್ಯಪಿನ ಫೋನನ್ನು ಅವರ ಕೈಗೆ ಕೊಟ್ಟೆ. ಕಾಕಾ ಆಗಿ ನಂಬರು ತಿದ್ದಿದರು. 'ಅನುಮತಿ ಇಲ್ಲ' ಎಂದು ಕೆಂಪಕ್ಷರ ಬಂತು.

"ಇನ್ನೊಮ್ಮಿ," ಎಂದರು. ಮತ್ತೆ ಕೆಂಪು. ನಾನು ಉಸಿರು ಬಿಟ್ಟೆ.

"ತಡಿ. ಇಂವ ಬ್ಯಾರೇದೋರ ಖಾತೆ ಮುಟ್ಟಂಗಿಲ್ಲ, ಆತು. ತನ್ನ ಖಾತೆ ತಾ ತಿದ್ದಬಹುದಲ್ಲ? ಅಲ್ಲಿ ನಾನೇ ವಾರ್ಡನ್ ಅಂತ ಬರಕೊಂಡ್ರ?"

"ಪರದಿ ಮ್ಯಾಲ ಅಂಥ ಜಾಗಾನೇ..." ಎಂದು ಶುರುಮಾಡಿ ನಾಲಿಗೆ ಕಚ್ಚಿಕೊಂಡೆ. ಪರದೆಯನ್ನು ಬಿಟ್ಟು, ಸರ್ವರಿಗೆ ನಾನೇ ಕೈಯಾರೆ ಕೋರಿಕೆ ಬರೆದೆ. ಕಾಕಾನ ವಿಳಾಸದ ತಿದ್ದುಪಡಿ, ಅದರ ಬಾಲಕ್ಕೆ ಇನ್ನೊಂದೇ ಮಾತು: ಇವನ ಪಾತ್ರ, ವಾರ್ಡನ್. ಕಳಿಸಿದೆ.

ಸರ್ವರ್ ಒಪ್ಪಿಕೊಂಡಿತು.

ಮತ್ತೆ ಲಾಗಿನ್ ಆದರೆ ಕಾಕಾ ವಾರ್ಡನ್ ಆಗಿದ್ದ. ಅವನ ಪರದೆಯ ಮೇಲೆ ಹಾಸ್ಟೆಲ್ಲಿನ ಅಷ್ಟೂ ಹುಡುಗಿಯರು, ಹೆಸರು, ಊರು, ಕೋಣೆಯ ನಂಬರಿನ ಸಮೇತ. ಕೆಳಗಿನ ಅಂಗಡಿಯಲ್ಲಿ ಕಬ್ಬಿಣ ಬಡಿಯುವ ಸದ್ದಿಗೆ ನಾನು ಬೆಚ್ಚಿದೆ. ಅಕ್ಕೋರು ಸೆರಗು ಎಳೆದು ಆ ಪರದೆಯ ಮೇಲೆ ಹೊದಿಸಿಬಿಟ್ಟರು, ಯಾರೋ ನೋಡುತ್ತಿದ್ದಾರೆ ಎನ್ನುವಂತೆ.

"ಮುಚ್ಚು," ಎಂದರು. "ಮೊದಲ ಇದನ್ನ ಮುಚ್ಚು."

ಮುಚ್ಚಿದೆ. ಆಮೇಲೆ ಹದಿನೈದು ದಿನ ಅವರು ದಿನಾ ಬಂದರು. ಕಾಕಾ ಆಗಿ, ಕಾಕೂ ಆಗಿ, ಕೆಲಸ ಬಿಟ್ಟ ಕ್ಲರ್ಕ್ ಆಗಿ. ಆಗಬಾರದ್ದರ ಕಾಲಂ ಆಗಬೇಕಾದದ್ದಕ್ಕಿಂತ ಉದ್ದವಾಯಿತು.

ಯಾಲಾಲ್ ಹುಡುಗಿ ಹತ್ತನೆಯದು ಪಾಸಾಗಿ ಈಗ ತಾಂಡೂರಿನಲ್ಲಿ ಕಾಲೇಜಿಗೆ ಹೋಗುತ್ತಾಳೆ. ಅಕ್ಕೋರಿಗೆ ಸಕ್ಕರೆ ಕಾಯಿಲೆಯಿತ್ತು, ಯಾರಿಗೂ ಹೇಳಿರಲಿಲ್ಲ. ಆ ಬೆರಳಿನ ಗಾಯ ಮಾಯಲೇ ಇಲ್ಲ. ಮೊದಲು ಬೆರಳು ತೆಗೆದರು, ಆಮೇಲೆ ಪಾದ. ನ್ಯಾಲ್ಕಲ್ ಕಡೆಯ ಅವರ ತಮ್ಮನ ಮನೆಗೆ ನಾನು ನೋಡಲು ಹೋದಾಗ ಅವರಿಗೆ ನನ್ನ ಗುರುತು ಹಿಡಿಯುವುದಕ್ಕೇ ಹೊತ್ತು ಬೇಕಾಯಿತು.

"ಗೇಟಿಗಿ ಯಾರು ನಿಂತಾರ?" ಎಂದು ಕೇಳಿದರು.

"ಹೊಸ ವಾರ್ಡನ್ ಅದಾರ್ರೀ."

"ಅಂಜ್ತಾಳಾ?"

"ಅಂಜ್ತಾರ್ರೀ ಅಕ್ಕೋರೆ."

"ಹಂಗಾರ ಆತು," ಎಂದು ಕಣ್ಣು ಮುಚ್ಚಿದರು. ಮರುವಾರ ಅವರು ಹೋದ ಸುದ್ದಿ ಬಂತು. ನಾನು ಹೇಳಿದ್ದು ಪೂರ್ತಿ ನಿಜವಾಗಿರಲಿಲ್ಲ. ಹೊಸಬರಿಗೆ ಅಷ್ಟು ಭಯವಿಲ್ಲ. ಅವರ ಪಾಲಿನ ಭಯವನ್ನೂ ನಾನೇ ಇಟ್ಟುಕೊಂಡಿದ್ದೇನೆ.

ಆ ಟ್ರಂಕು ಈಗ ಆಫೀಸಿನಲ್ಲಿ ನನ್ನ ಮೇಜಿನ ಕೆಳಗಿದೆ. ಯಾರಾದರೂ ಅದನ್ನು ಕೇಳಿಕೊಂಡು ಬಂದಾರು ಎಂಬ ಆಸೆ. ಆ್ಯಪಿನಲ್ಲಿ ಒಂದಕ್ಷರ ಬದಲಾದರೂ ನಮ್ಮಲ್ಲಿ ಮೊದಲು ಓಡುವುದು ಕಾಕಾನ ಪರೀಕ್ಷೆ. ಅವನು ನಂಬರು ತಿದ್ದಲು ನೋಡುತ್ತಾನೆ, ತಾನೇ ವಾರ್ಡನ್ ಆಗಲು ನೋಡುತ್ತಾನೆ. ಉತ್ತರ ಬರುವುದಕ್ಕೆ ಎರಡು ಮೂರು ಸೆಕೆಂಡು. ಅಷ್ಟು ಹೊತ್ತು ನನಗೆ ಈಗಲೂ ಅಂಜಿಕೆ. ಕೆಂಪಕ್ಷರ ಮೂಡಿದ ಮೇಲೆ ಕೆಳಗೆ ನೋಡಿದರೆ, ನನ್ನ ಬಲಗಾಲು ಯಾವಾಗಲೋ ಮುಂದೆ ಸರಿದು, ಆ ನೀಲಿ ಟ್ರಂಕಿಗೆ ಗಟ್ಟಿಯಾಗಿ ಒತ್ತಿ ನಿಂತಿರುತ್ತದೆ.