ಕರೆಂಟು ಹಂಚುವ ಸುಗಂಧಿ ಮೇಡಂ

ಮಣಿಪಾಲದ ನಮ್ಮ ಪ್ರಯೋಗಾಲಯದಲ್ಲಿ ಸುಗಂಧಿ ಮೇಡಂ ಇರುವಾಗ ಚಹಾದ ಕೆಟಲ್ ಮತ್ತು ಎ.ಸಿ. ಒಟ್ಟಿಗೆ ಓಡಿದ್ದನ್ನು ಕಂಡವರಿಲ್ಲ. "ಎಲ್ಲರಿಗೂ ಉಂಟು ಮಾರಾಯ, ಆದರೆ ಒಟ್ಟಿಗೆ ಇಲ್ಲ" ಎನ್ನುವುದು ಅವರ ಮಂತ್ರ. ಅಲೆವೂರಿನ ಅವರ ಮನೆಯಲ್ಲಿ ಗ್ರೈಂಡರ್ ತಿರುಗುವಾಗ ನೀರಿನ ಪಂಪು ಬಾಯಿ ಮುಚ್ಚಿಕೊಂಡಿರಬೇಕು. ಮದುವೆಗೆ ಹೋದರೆ ಮದುಮಗಳಿಗಿಂತ ಮೊದಲು ಛತ್ರದ ಹಿಂದಿರುವ ಜನರೇಟರನ್ನು ಮಾತಾಡಿಸಿ ಬರುತ್ತಾರೆ. ನಗುವವರು ನಗಲಿ. ಎಂಜಿನ್ ಮತ್ತು ಬ್ಯಾಟರಿ ಎರಡರಿಂದಲೂ ಹಾರಬೇಕಾದ ಯುದ್ಧವಿಮಾನದಲ್ಲಿ ಹಾರಿಸುವ ಮೋಟಾರಿಗೆಷ್ಟು ಕರೆಂಟು, ಲೇಸರ್ ಆಯುಧಕ್ಕೆಷ್ಟು ಎಂದು ಕಣ್ಣು ಮಿಟುಕಿಸುವುದರೊಳಗೆ ಹಂಚುವ ವ್ಯವಸ್ಥೆಯನ್ನು ಕಟ್ಟುತ್ತಿರುವವರು ಇವರೇ, ನಮ್ಮವರೇ! ಮೊನ್ನೆ ಅದನ್ನು ನೋಡಲು ಬಂದ ಹಿರಿಯ ಅಧಿಕಾರಿಯೊಬ್ಬರು, ಕಂಪ್ಯೂಟರ್ ಪರದೆಯ ಮೇಲೆ ಮೋಟಾರು, ಆಯುಧ ಎಂಬ ಎರಡು ಪಾಲುಗಳ ಕೆಳಗೆ 'ಅಪ್ಪನ ಕ್ಯಾನ್' ಎಂಬ ಮೂರನೆಯದನ್ನು ಕಂಡರು. "ಶತ್ರು ಎದುರಿಗಿದ್ದಾಗ ಇದನ್ನೂ ಆಯುಧಕ್ಕೇ ಕೊಡಬಹುದಲ್ಲ?" ಎಂದು ಕೇಳಿದರು. "ಅದನ್ನು ಮಾತ್ರ ಮುಟ್ಲಿಕ್ಕಿಲ್ಲ ಸರ್" ಎಂದರು ಮೇಡಂ. "ನನ್ನ ಅಪ್ಪ ಹೂಡೆಯ ಕಡಲಲ್ಲಿ ಮೀನಿನ ದೋಣಿಯವರು. ಮೀನಿನ ಹಿಂಡು ಕಣ್ಣೆದುರೇ ಹೋಗ್ತಾ ಇದ್ದರೂ ಒಂದು ಕ್ಯಾನ್ ಡೀಸೆಲಿನ ಮುಚ್ಚಳ ತೆಗೀತಿರಲಿಲ್ಲ. ಅದು ದಡಕ್ಕೆ ಬರ್ಲಿಕ್ಕೆ. ಇದೂ ಹಾಗೆಯೇ, ಪೈಲಟ್ ಮನೆಗೆ ಬರ್ಲಿಕ್ಕೆ." ಅಧಿಕಾರಿ ಪರದೆಯತ್ತ ಬಾಗಿ 'ಅಪ್ಪನ ಕ್ಯಾನ್' ಎಂಬುದನ್ನು ಇನ್ನೊಮ್ಮೆ ಓದಿದರು. ಆಮೇಲೆ ಮೆಲ್ಲಗೆ, "ನನ್ನ ಮಗಳು ವಿಮಾನ ಹಾರಿಸುತ್ತಾಳೆ, ಮೇಡಂ. ಆ ಹೆಸರನ್ನೂ ಮುಟ್ಟಬೇಡಿ" ಎಂದರು.