ನಿಜಾಮನ ಕಾರಿಗೆ ಹುಣಸೆಬೀಜದ ವಾಸನೆ

ನನ್ನ ಸೋದರಮಾವ ಓಡುವ ಮೋಟರ್ ಸೈಕಲ್ ಕೊಟ್ಟು ಓಡದ ಕಾರು ತಂದ ದಿನ ಅತ್ತೆ ಒಲೆ ಹಚ್ಚಲಿಲ್ಲ. ಎಪ್ಪತ್ತರ ದಶಕದ ಕೊನೆ. ನಾನು ಕೊಪ್ಪಳದ ಕಾಲೇಜಿನಲ್ಲಿ ಒಂದೇ ತರಗತಿಯನ್ನು ಎರಡನೇ ಸಲ ಓದುತ್ತಿದ್ದೆ. ಮೇಷ್ಟ್ರ ದನಿಯಲ್ಲಿ ಮೇಷ್ಟ್ರಿಗಿಂತ ಚೆನ್ನಾಗಿ ಪಾಠ ಮಾಡುತ್ತಿದ್ದೆ, ನಿಜ. ಪರೀಕ್ಷೆಯಲ್ಲಿ ದನಿಗೆ ಅಂಕವಿಲ್ಲ ಎಂಬುದು ಮಾತ್ರ ತಡವಾಗಿ ತಿಳಿಯಿತು.

ಮಾವನದು ಹಿಟ್ನಾಳದ ಹತ್ತಿರ ಹೆದ್ದಾರಿಯ ಪಕ್ಕ ಲಾರಿ ರಿಪೇರಿಯ ಶೆಡ್ಡು. ಇಪ್ಪತ್ತು ವರ್ಷ ಬೇರೆಯವರ ಗಾಡಿಗಳ ಕೆಳಗೆ ಅಂಗಾತ ಮಲಗಿದವನಿಗೆ ಒಮ್ಮೆ ತನ್ನ ಗಾಡಿಯ ಒಳಗೆ ನೆಟ್ಟಗೆ ಕೂಡಬೇಕು ಎನ್ನುವ ಆಸೆ. ತಂದಿದ್ದು ಎಂಥ ಕಾರು! ಕೆಂಪು ಬಣ್ಣ, ಉದ್ದ ಮೂಗು, ಗಿಡ್ಡ ಬೆನ್ನು, ಎರಡೇ ಸೀಟು, ಛಾವಣಿ ಇಲ್ಲ. ನೆಲಕ್ಕೆ ಎಷ್ಟು ತಗ್ಗಾಗಿತ್ತೆಂದರೆ ಒಳಗೆ ಕೂತವರು ಎದುರು ಬಂದ ಕುರಿಯ ಜೊತೆ ಮುಖಕ್ಕೆ ಮುಖ ಕೊಟ್ಟು ಮಾತಾಡಬಹುದಿತ್ತು. ಯಲಬುರ್ಗಾದ ಗೌಡರ ವಾಡೆಯ ಕೊಟ್ಟಿಗೆಯಲ್ಲಿ ಹೊಟ್ಟಿನ ಚೀಲಗಳ ಕೆಳಗೆ ಬಿದ್ದಿತ್ತಂತೆ. ಮಾವ ಎರಡು ತಿಂಗಳಲ್ಲಿ ಎಂಜಿನ್ ಕೆಮ್ಮುವಂತೆ ಮಾಡಿದ, ಮೂರನೇ ತಿಂಗಳು ಮಾತಾಡುವಂತೆ ಮಾಡಿದ. ಆಮೇಲೆ ಕಾಗದಪತ್ರದ ಪ್ರಶ್ನೆ ಬಂತು.

ಆಗ ಕೊಪ್ಪಳ ರಾಯಚೂರು ಜಿಲ್ಲೆಯಲ್ಲಿತ್ತು. ವಾಹನ ಪಾಸ್ ಮಾಡುವ ಇನ್ಸ್‌ಪೆಕ್ಟರು ತಿಂಗಳಿಗೊಮ್ಮೆ ಕೊಪ್ಪಳಕ್ಕೆ ಬಂದು ಬೇವಿನ ಮರದ ಕೆಳಗೆ ಮೇಜು ಹಾಕಿ ಕ್ಯಾಂಪು ಹೂಡುತ್ತಿದ್ದರು. ಮೈಸೂರು ಕಡೆಯವರು. ಕಾರನ್ನು ಮೂರು ಸುತ್ತು ಹಾಕಿದರು.

"ಎಂಜಿನ್ನು, ಚಾಸಿ ಹಳೇ ಇಂಗ್ಲಿಷ್ ಕಾರಿಂದು. ನಂಬರ್ ಇದೆ, ಸರಿ. ಆದ್ರೆ ಈ ಬಾಡಿ ಯಾವ ಕಂಪನೀದೂ ಅಲ್ಲ. ಇಂಥ ಇನ್ನೊಂದು ಗಾಡಿ ಭೂಮಿ ಮೇಲೆ ಇರಲಾರದು. ಕಟ್ಟಿದೋರು ಯಾರು?"

"ನಿಜಾಮ ಸಾಹೇಬರ ಕಾರ್ ರೀ ಇದು," ಎಂದ ಮಾವ, ಎದೆ ಉಬ್ಬಿಸಿ.

"ಹಾಗಾದ್ರೆ ನಿಜಾಮರ ಸಹಿ ತಗೊಂಡು ಬನ್ನಿ."

ನಾನು ನಕ್ಕುಬಿಟ್ಟೆ. ಮಾವ ನನ್ನ ಕಾಲು ತುಳಿದ. ಇನ್ಸ್‌ಪೆಕ್ಟರು ಕನಿಕರದಿಂದಲೇ ಹೇಳಿದರು: ಮುಂದಿನ ಕ್ಯಾಂಪಿಗೆ ಬಾಡಿ ಕಟ್ಟಿದವರನ್ನು ಕರೆತನ್ನಿ, ಅಥವಾ ಅವರ ಸಹಿ ಇರುವ ಪತ್ರ ತನ್ನಿ. ಇಲ್ಲದಿದ್ದರೆ ಇದನ್ನು ರಸ್ತೆಗೆ ಬಿಡುವ ಹಾಗಿಲ್ಲ.

ಅತ್ತೆಯ ತೀರ್ಪು ಇನ್ನೂ ಸ್ಪಷ್ಟವಾಗಿತ್ತು. "ಮುಂದಿನ ಕ್ಯಾಂಪಿಗೆ ಪಾಸ್ ಆಗಲಿಲ್ಲಂದ್ರ ಇದರಾಗ ಕೋಳಿ ಕೂಡಸ್ತೀನಿ ನೋಡ್ರಿ. ಎರಡು ಸೀಟು ಅದಾವು, ಹುಂಜಕ್ಕೊಂದು, ಹ್ಯಾಟಿ ಕೋಳಿಗೊಂದು."

ಒಂದು ತಿಂಗಳ ಗಡುವು. ನಾನು ಕಾಲೇಜಿಗೆ ಚಕ್ಕರ್ ಹಾಕಿ ಬಸ್ಸು ಹತ್ತಿದೆ. ಮಾವನ ಮೇಲಿನ ಪ್ರೀತಿ ಎಂದು ಮನೆಯಲ್ಲಿ ಹೇಳಿದೆ. ಅಸಲಿಗೆ ಆ ವಾರ ಕಿರುಪರೀಕ್ಷೆ ಇತ್ತು.

ನಮ್ಮ ಸೀಮೆಯವರಿಗೆ ಒಂದು ಚಟ. ಹಳೆಯದಾಗಿ, ಸ್ವಲ್ಪ ಚೆಂದವಾಗಿ ಏನು ಕಂಡರೂ ನಿಜಾಮನದು ಎಂದುಬಿಡುತ್ತಾರೆ. ಗಡಿಯಾರ, ಗೋಡೆ, ಬಾವಿ, ಕೊನೆಗೆ ಸಿಟ್ಟಿನ ಮುದುಕರು ಕೂಡ ನಿಜಾಮನ ಕಾಲದವರೇ. ಯಲಬುರ್ಗಾದ ವಾಡೆಯ ಗೌಡರು ಮೀಸೆ ತಿರುವಿ, "ನಮ್ಮ ಮುತ್ತ್ಯಾನ ಬಹಾದ್ದೂರಿ ನೋಡಿ ನಿಜಾಮರು ಖುದ್ದು ಇನಾಮು ಕೊಟ್ಟಾರಪ್ಪ," ಎಂದರು. ಯಾವ ಬಹಾದ್ದೂರಿ ಎಂದು ಕೇಳಿದೆ. "ಅದು ದಫ್ತರದಾಗ ಐತಿ," ಎಂದರು. ದಫ್ತರ ಗೆದ್ದಲು ತಿಂದಿತ್ತು. ಆದರೂ ಒಂದು ಉಪಕಾರ ಮಾಡಿದರು, ತಮ್ಮ ತಾತನ ಡ್ರೈವರ್ ಇನ್ನೂ ಕುಷ್ಟಗಿಯಲ್ಲಿ ಬದುಕಿದ್ದಾನೆ ಎಂದು ತಿಳಿಸಿದರು.

ಕುಷ್ಟಗಿಯ ಆ ಡ್ರೈವರ್ ಮುದುಕ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಗಾಳಿಯಲ್ಲೇ ಗೇರು ಹಾಕಿ ತೋರಿಸಿದ. "ಏನ್ ಓಡತಿತ್ತಪಾ! ತಾವರಗೇರಾದಾಗ ಹಾರ್ನ್ ಹೊಡದ್ರ ಇಲ್ಲೆ ಕುಷ್ಟಗ್ಯಾಗ ಜನ ದಾರಿ ಬಿಡತಿದ್ರು." ಎಲ್ಲಿಂದ ಬಂತು ಎಂದರೆ, "ಹಡಗದಾಗ ಬಂದೈತಿ. ನಾನು ಗಂಗಾವತಿಗೆ ಹೋಗಿ ಇಳಿಸಿಕೊಂಡು ಬಂದೆ," ಎಂದ. ಗಂಗಾವತಿಗೆ ಯಾವ ಸಮುದ್ರ ಎಂದು ನಾನು ಕೇಳಲಿಲ್ಲ. ಅವನ ಚಹಾ ಕುಡಿಯುತ್ತಿದ್ದೆನಲ್ಲ.

ಗಂಗಾವತಿಯಲ್ಲಿ ಭತ್ತದ ಗಿರಣಿಯಿಂದ ಗಿರಣಿಗೆ ಅಲೆದೆ. ಒಬ್ಬ ಯಜಮಾನರು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, "ಕೆಂಪು ಕಾರಾ? ಅದು ನಮ್ಮ ತಾತಂದು ಕದಾ!" ಎಂದು ನನ್ನಿಂದಲೇ ವಾಪಸ್ ಕೇಳತೊಡಗಿದರು. ಅಲ್ಲಿಂದ ಓಡಿಬಂದೆ. ಮನೆಯಲ್ಲಿ ಮೂವರ ದನಿಯನ್ನೂ ಅಭಿನಯಿಸಿ ತೋರಿಸಿದೆ. ಮಾವ ಮೊದಲು ಹೊಟ್ಟೆ ಹಿಡಿದು ನಕ್ಕ, ಆಮೇಲೆ ಕ್ಯಾಲೆಂಡರ್ ನೋಡಿದ. ಉಳಿದಿದ್ದು ಹತ್ತು ದಿನ.

ದಾರಿ ಸಿಕ್ಕಿದ್ದು ಅತ್ತೆಯಿಂದ. ಕೋಳಿಗೆ ಮನೆ ಸ್ವಚ್ಛವಿರಲಿ ಎಂದು ಅವಳು ಕಾರಿನ ಮೂಗಿನ ಮೇಲೆ ಕುದಿಯುವ ನೀರು ಸುರಿದಳು. ಬಣ್ಣ ಎದ್ದ ಒಂದು ಕಡೆ ತಗಡಿನ ಸಂದಿಯಿಂದ ಕಂದು ಬಣ್ಣದ ಲೇಪ ಮೆತ್ತಗಾಗಿ ಹೊರಬಂತು. ಅತ್ತೆ ಬೆರಳಿಗೆ ತೆಗೆದುಕೊಂಡು ಮೂಸಿದಳು.

"ಏನ್ರಿ, ನಿಮ್ಮ ನಿಜಾಮ ಹುಣಸಿಬೀಜದ ಗಂಜಿ ಕುಡೀತಿದ್ನೇನ್ರಿ?"

ಮಾವ ಮೂಸಿದ. ನಾನೂ ಮೂಸಿದೆ. ಗೋಣಿನಾರು, ಕಟ್ಟಿಗೆ ಪುಡಿ, ಹುಣಸೆಬೀಜದ ಅಂಟು. ಕಿನ್ನಾಳದವರು ಕಟ್ಟಿಗೆಯ ಗೊಂಬೆಗಳ ಸಂದು ಮುಚ್ಚಲು ಬಳಿಯುವ ಕಿಟ್ಟ! ಹಡಗಿನಲ್ಲಿ ಬಂದ ಕಾರಿನ ಮೂಗನ್ನು ನಮ್ಮೂರಿನಿಂದ ಅರ್ಧ ದಿನದ ದಾರಿಯಲ್ಲಿರುವ ಯಾರೋ ಗೊಂಬೆಯ ಮೂಗಿನ ಹಾಗೆ ತಿದ್ದಿದ್ದರು.

ಮರುದಿನವೇ ಕಿನ್ನಾಳಕ್ಕೆ ಹೋದೆ. ಹಿಂದೊಮ್ಮೆ ಗಾಡಿ ಗೀಡಿ ಮಾಡಿದವರು ಯಾರು ಎಂದು ಕೇಳಿದರೆ ಎಲ್ಲರೂ ಒಂದೇ ಮನೆಯತ್ತ ಬೆರಳು ತೋರಿದರು. ಬಾಗಿಲು ತೆರೆದಿತ್ತು. ಒಬ್ಬ ಅಜ್ಜ ಗರುಡನ ಗೊಂಬೆಗೆ ಕಣ್ಣು ಬರೆಯುತ್ತಿದ್ದ. ಇಲ್ಲಿ ನಾನು ಮಾಡಿದ್ದನ್ನು ಬರೆಯಲು ಈಗಲೂ ನಾಚಿಕೆ. ಸುಮ್ಮನೆ ನಮಸ್ಕಾರ ಎನ್ನುವ ಬದಲು ಇನ್ಸ್‌ಪೆಕ್ಟರ ಗತ್ತಿನ ದನಿ ತೆಗೆದು, "ಪರವಾನಗಿ ಇಲ್ಲದೆ ಕೆಂಪು ಕಾರಿನ ಬಾಡಿ ಕಟ್ಟಿದವರು ಯಾರು? ಮುಂದೆ ಬನ್ನಿ!" ಎಂದೆ. ನಗುತ್ತಾನೆ ಎಂದುಕೊಂಡಿದ್ದೆ. ಅಜ್ಜನ ಕುಂಚ ಜಾರಿ ಗರುಡನ ಕಣ್ಣು ಕೊಕ್ಕಿನ ತನಕ ಹರಿಯಿತು.

"ಯಾವ ಕಾರ್ ರೀ? ನಾವು ಗೊಂಬಿ ಮಾಡೋರ್ರಿ. ನಮಗೇನೂ ಗೊತ್ತಿಲ್ಲರಿ," ಎಂದು ಅಜ್ಜ ಎದ್ದು ಬಾಗಿಲು ಹಾಕಿಕೊಂಡ.

ಪಕ್ಕದ ಮನೆಯವರು ಹೇಳಿದರು: ಆಗಿನ ಕಾಲದ ಅಮಲ್ದಾರನೊಬ್ಬ, ಹುಕುಮಿಲ್ಲದೆ ಮೋಟಾರು ಮಾಡಿದರೆ ಜೇಲು ಎಂದು ಹೆದರಿಸಿದ್ದನಂತೆ. ಅಂದಿನಿಂದ ಅಜ್ಜ ಆ ಕಾರಿನ ಸುದ್ದಿಯನ್ನೇ ಎತ್ತಿಲ್ಲ. ಅಮಲ್ದಾರ ಹೋದ, ನಿಜಾಮನೂ ಹೋದ, ಹೆದರಿಕೆ ಮಾತ್ರ ಉಳಿದಿತ್ತು. ಅದಕ್ಕೆ ನಾನು ಹೊಸ ಬಣ್ಣ ಬಳಿದು ಬಂದಿದ್ದೆ.

ಮಾವ ಬೈಯಲಿಲ್ಲ. ಒಂದು ರಾತ್ರಿ ಯೋಚಿಸಿ, "ಅಳಿಯಾ, ಎತ್ತು ಕಟ್ಟು," ಎಂದ. ಪಾಸಾಗದ ಕಾರು ರಸ್ತೆಯಲ್ಲಿ ಓಡಬಾರದು, ಆದರೆ ಎತ್ತು ಎಳೆದರೆ ಯಾವ ಕಾನೂನೂ ಕೇಳುವುದಿಲ್ಲ. ಬೆಳಿಗ್ಗೆ ಹೊರಟು ಮಧ್ಯಾಹ್ನ ಕಿನ್ನಾಳ ಮುಟ್ಟಿದೆವು. ಮುಂದೆ ಜೋಡಿ ಎತ್ತು, ಹಿಂದೆ ಕೆಂಪು ಕಾರು, ಅದರಲ್ಲಿ ಸ್ಟೇರಿಂಗ್ ಹಿಡಿದ ಮಾವ, ಅದರ ಹಿಂದೆ ಕೊಪ್ಪಳದಿಂದ ಕೂಡಿಕೊಂಡ ಅಷ್ಟೂ ನಾಯಿಗಳು.

ಅಜ್ಜನ ಮನೆಯ ಮುಂದೆ ನಿಲ್ಲಿಸಿ ಮಾವ ಅವನನ್ನು ಏನೂ ಕೇಳಲಿಲ್ಲ. ಕೂಡಿದ ಜನಕ್ಕೆ ದೊಡ್ಡ ದನಿಯಲ್ಲಿ ಹೇಳತೊಡಗಿದ. "ನೋಡ್ರಪಾ, ವಿಲಾಯತಿ ಕೆಲಸ! ನಮ್ಮ ಮಂದಿ ಕೈಲೆ ಆಗತೈತೇನು ಇದು? ಒಂದು ತಪ್ಪು ಹುಡುಕಿ ತೋರಸ್ರಿ, ನನ್ನ ಅರ್ಧ ಮೀಸಿ ಬೋಳಸ್ಕೋತೀನಿ."

ಕಿಟಕಿಯಲ್ಲಿ ಅಜ್ಜನ ಮುಖ ಕಂಡಿತು. ಮಾವ ಬಾಗಿಲುಗಳನ್ನು ಸವರಿದ. "ಆಹಾ, ಎಡಕೂ ಬಲಕೂ ಒಂದಽ ಅಚ್ಚು! ಬಿಳೀ ಮಂದಿ ಬುದ್ಧಿ ಅಂದ್ರ ಬುದ್ಧಿ!"

"ಯಾವಾವ್ನೋ ಅವ!" ಅಜ್ಜ ಹೊರಗೆ ಬಂದೇಬಿಟ್ಟ, ಕೈಯಲ್ಲಿ ಕುಂಚ ಹಾಗೇ ಇತ್ತು. "ಕಣ್ಣು ಅದಾವೋ ಇಲ್ಲೋ ನಿನಗ? ಎಡಗಡಿ ಬಾಗಲಾ ಒಂದು ಬೆರಳು ಉದ್ದ ಐತಿ! ಹಿಂದಿನ ಗಾಲಿ ಮ್ಯಾಲಿನ ರೆಕ್ಕಿ ಹೊರಳೈತಿ. ಮಳಿಗಾಲ ಇತ್ತು, ಕಿಟ್ಟ ಒಣಗಲಿಲ್ಲ, ಆ ಯಲಬುರ್ಗಾದ ಗೌಡ ಇವತ್ತಽ ಬೇಕು ಅಂತ ಕೂತ. ಇಲ್ಲಂದ್ರ ನಾನು ಹಿಂಗ ಬಿಡತಿದ್ನೇನು?"

ಹೇಳಿ ಮುಗಿದ ಮೇಲೆ ತಾನೇನು ಹೇಳಿದೆ ಎಂದು ಅವನಿಗೆ ಗೊತ್ತಾಯಿತು. ಮಾವ ಬಗ್ಗಿ ಅವನ ಕಾಲು ಮುಟ್ಟಿದ. ನಾನು ಮುಂದೆ ಬಂದು, "ಮೊನ್ನೆ ಇನ್ಸ್‌ಪೆಕ್ಟರ್ ಅಲ್ಲರಿ ಅಜ್ಜಾರ, ನಾನಽ ಮಂಗ್ಯಾ," ಎಂದೆ. ದನಿ ನನ್ನದೇ ಆದ್ದರಿಂದ ಸ್ವಲ್ಪ ನಡುಗಿತು.

"ಮಂಗ್ಯಾ ಅಂತ ಅವತ್ತಽ ಗೊತ್ತಾಗಿತ್ತು. ಇನ್ಸ್‌ಪೆಕ್ಟರ್ ಮಂಗ್ಯಾ ಇರಬೇಕು ಅನಕೊಂಡೆ," ಎಂದ ಅಜ್ಜ. ಕಾರಿನ ಮೂಗು ಸವರುತ್ತ, "ಜೇಲಿಗೆ ಹಾಕೋದಿಲ್ಲ ಹೌದಲ್ಲೋ?" ಎಂದು ಮೆಲ್ಲಗೆ ಕೇಳಿದ.

ಕ್ಯಾಂಪಿನ ದಿನ ಅವನು ಇಸ್ತ್ರಿ ಮಾಡಿದ ಧೋತರ ಉಟ್ಟು ಬಂದ. ಇನ್ಸ್‌ಪೆಕ್ಟರಿಗೆ ಅಂದು ನೆಗಡಿ, ಗತ್ತೂ ಇಲ್ಲ ಗಿತ್ತೂ ಇಲ್ಲ. "ಅಜ್ಜಾರೇ, ಕೂತ್ಕೊಳಿ," ಎಂದು ತಮ್ಮ ಕುರ್ಚಿಯನ್ನೇ ಕೊಟ್ಟರು. ಅಜ್ಜ ತಗಡು ಎಲ್ಲಿಂದ ಬಂತು, ಕಟ್ಟಿಗೆ ಹೇಗೆ ಬಾಗಿಸಿದೆ, ಎಲ್ಲಿ ಎಷ್ಟು ತಪ್ಪಿದೆ ಎಂದು ಒಂದು ತಾಸು ಹೇಳಿದ. ಒಪ್ಪಾಗಿದ್ದನ್ನು ಒಂದೂ ಹೇಳಲಿಲ್ಲ. ಇನ್ಸ್‌ಪೆಕ್ಟರು ಬ್ರೇಕು, ದೀಪ ಎಲ್ಲ ನೋಡಿ, ಫಾರಮ್ಮಿನಲ್ಲಿ ಕಟ್ಟಿದವರು ಎಂಬಲ್ಲಿ ಸಹಿ ಹಾಕಿಸಿದರು. ಅಜ್ಜ ನಿಜಾಮನ ಕಾಲದ ಶಾಲೆಯಲ್ಲಿ ಕಲಿತವನು, ಉರ್ದುವಿನಲ್ಲಿ ಬಲದಿಂದ ಎಡಕ್ಕೆ ಬರೆದ.

"ಇದನ್ನ ಓದೋರು ಯಾರು?" ಎಂದರು ಇನ್ಸ್‌ಪೆಕ್ಟರು ಸೀನುತ್ತ.

"ಓದೂದು ಬ್ಯಾಡ್ರಿ ಸಾಹೇಬ್ರ. ಗಾಡಿ ನೋಡ್ರಿ, ಸಾಕು."

ಮುದ್ರೆ ಬಿತ್ತು. ಮಾವ ಎಂಜಿನ್ ಶುರುಮಾಡಿ, ಇಪ್ಪತ್ತು ವರ್ಷದ ಆಸೆಯನ್ನೆಲ್ಲ ಕೂಡಿಸಿ ಹಾರ್ನ್ ಒತ್ತಿದ. ಗಾಡಿ ಹೊರಡಲಿಲ್ಲ. ಅಜ್ಜ ಚೀಲದಿಂದ ಉಜ್ಜುಗೊರಡು ತೆಗೆದು ಎಡಗಡೆಯ ಬಾಗಿಲಿನ ಕಟ್ಟಿಗೆಯ ಅಂಚು ಹಿಡಿದು ಕೂತಿದ್ದ.

"ಅಜ್ಜಾರ, ಪಾಸ್ ಆಗೇತ್ರಿ! ಇನ್ನ ಮುಟ್ಟಬ್ಯಾಡ್ರಿ!" ಎಂದು ಮಾವ ಕೂಗಿದ.

"ಪಾಸ್ ಮಾಡಿದಾವ ಅವ. ನಾನಿನ್ನೂ ಮಾಡಿಲ್ಲ," ಎಂದು ಅಜ್ಜ ಗೊರಡಿನ ಅಲಗು ಊದಿ, "ಏ ಮಂಗ್ಯಾ, ಬಾಗಲಾ ಗಟ್ಟಿ ಹಿಡಿ," ಎಂದ. ನಾನು ಹಿಡಿದೆ.